ತೊಲೆ ಇಳಿಯುವ ಮೊದಲೇ ಅಟ್ಟ ಹತ್ತಿರಿ

ಹಳೆಯ ಮನೆ ಕೆಡವಲು ಜೆಸಿಬಿಯವನಿಗೆ ಮುಂಗಡ ಹೋಯಿತೆಂದು ಸುದ್ದಿ ಬಂದರೆ ಅಂದೇ ಹೊರಡಿರಿ. ನಾಳೆ ಮುಂಜಾನೆ ಹೋದರಾಯಿತು ಎಂದು ಮಲಗಬೇಡಿರಿ. ಕೆಡವುವವರು ಬೆಳಕು ಹರಿಯುತ್ತಲೇ ಬರುತ್ತಾರೆ. ಮೋಡಕಾ ಸಾಮಾನು ಕೊಳ್ಳುವವರು ಅವರಿಗಿಂತ ಮೊದಲು ಬಂದು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಮನೋಳಿಯ ನನ್ನ ತವರುಮನೆ ನೆಲಕ್ಕೆ ಬಿದ್ದಾಗಿನಿಂದ ಯಾರು ಕೇಳಲಿ, ಬಿಡಲಿ, ಎಲ್ಲರಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ. ಬೈಲಹೊಂಗಲದ ನಮ್ಮ ಮನೆಯ ಹಿತ್ತಲ ಖೋಲಿ ಈಗ ಇಂಥ ಮನೆಗಳಿಂದ ತಂದ ಹಂಡೆ, ಕಂದೀಲು, ಬೀಸುಕಲ್ಲು, ಸೇರು, ಪಾವುಗಳಿಂದ ತುಂಬಿದೆ. ಮಗ ಊರಿಗೆ ಬಂದಾಗಲೆಲ್ಲ "ಅವ್ವಾ, ಇಷ್ಟೆಲ್ಲಾ ಯಾಕ?" ಎನ್ನುತ್ತಾನೆ. ಅವನೂ ಓದಲಿ ಎಂದೇ ಬರೆಯುತ್ತಿದ್ದೇನೆ.

2019ರ ಆಗಸ್ಟಿನ ಹೊಳೆಯ ಬಗ್ಗೆ ಮಲಪ್ರಭೆಯ ದಂಡೆಯವರಿಗೆ ಹೊಸದಾಗಿ ಹೇಳುವುದೇನಿಲ್ಲ. ಬರದ ವರ್ಷಗಳಲ್ಲಿ ಬತ್ತಿ ಹೋಗಿದ್ದ ನವಿಲುತೀರ್ಥದ ರೇಣುಕಾಸಾಗರ ತುಂಬಿತು, ಗೇಟು ಎತ್ತಿದರು, ಕೆಳಗಿನ ಮನೋಳಿ, ರಾಮದುರ್ಗದ ಓಣಿಗಳಿಗೆ ಹೊಳೆ ಹೊಕ್ಕಿತು. ನೀರು ಇಳಿದ ಮೇಲೆ ಸರಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂದಿತು. ಹಾನಿ ನೋಡಿ ಮನೆಗಳಿಗೆ ಎ, ಬಿ, ಸಿ ಎಂದು ವರ್ಗ ಬಿತ್ತು. ನಮ್ಮದು ಅಜ್ಜ ಕಟ್ಟಿಸಿದ ಮಾಳಿಗೆ ಮನೆ. ಹಿಂದಿನ ಗೋಡೆ ಕುಸಿದು ಅಡಿಗೆಮನೆ ನೆಲ ಹಿಡಿದಿತ್ತು. ಪಡಸಾಲೆ ಮಾತ್ರ ಸಾಗವಾನಿ ಕಂಬಗಳ ಮೇಲೆ ಒಂಚೂರೂ ವಾಲದೆ ನಿಂತಿತ್ತು. ಸರ್ವೆಗೆ ಬಂದವರೊಬ್ಬರು ಹೊಸ್ತಿಲು ಸಹ ದಾಟದೆ, ಅಂಗಳದಲ್ಲಿಯೇ ನಿಂತು ನೋಡಿ, ನನ್ನ ಅಣ್ಣನಿಗೆ ಹೇಳಿದರು: "ಅರ್ಧಾ ಮನಿ ನಿಂತೈತಲ್ರೀ. ಖುಲ್ಲಾ ಮಾಡ್ರಿ, ಆಮ್ಯಾಲ ನೋಡೂಣು."

ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಖುಲ್ಲಾ ಮಾಡಿರಿ ಅಂದವರಿಗೆ ಒಳಗೆ ಏನಿದೆ ಎಂದು ಕೇಳುವ ಮನಸ್ಸಾಗಲಿಲ್ಲ. ಸಾಮಾನು ತೆಗೆಯಲು ನಾಲ್ಕು ದಿನ ಕೊಡುತ್ತೇವೆ ಎಂದಿದ್ದರೂ ಸಾಕಿತ್ತು. ಕೆಸರಿನಲ್ಲಿ ಬದುಕು ಹುಡುಕುತ್ತಿದ್ದ ಮನುಷ್ಯನ ಮುಂದೆ ಐದು ಲಕ್ಷದ ಆಸೆ ಹಿಡಿದರೆ ಅವನು ಅಟ್ಟದ ಮೇಲಿನ ಅಡಕೊತ್ತಿನ ಚಿಂತೆ ಮಾಡುತ್ತಾನೆಯೇ? ಅಣ್ಣ ಅಂದೇ ಸಂಜೆ ಜೆಸಿಬಿಯವನಿಗೆ ಹೇಳಿ ಬಂದ. ಬಚ್ಚಲಲ್ಲಿ ಕೆಸರಿನೊಳಗೆ ಹೂತಿದ್ದ ತಾಮ್ರದ ಹಂಡೆಗಳನ್ನು ಎತ್ತಿ ಅದೇ ರಾತ್ರಿ ಒಂದು ಟೆಂಪೋಕ್ಕೆ ಹಾಕಿಯೂ ಕಳಿಸಿದ. ನನಗೆ ಹೇಳಿದವರು ವೈನಿ, ಅದೂ ಫೋನಿನಲ್ಲಿ ದನಿ ತಗ್ಗಿಸಿ.

ನಾನು ಮೊದಲ ಬಸ್ಸಿಗೆ ಹೊರಟು ಹೋದಾಗ ಯಂತ್ರ ಆಗಲೇ ಓಣಿಯಲ್ಲಿ ನಿಂತು ಗುರುಗುಟ್ಟುತ್ತಿತ್ತು. ಓಣಿಯ ತುಂಬ ಜಾರುವ ಕರಿ ಕೆಸರು, ಕೊಳೆತ ಜೋಳದ ವಾಸನೆ. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಪಡಸಾಲೆಯೊಳಗೆ ಬಿದ್ದಿತ್ತು. ಅಲ್ಲೇ, ನಡುದೊಲೆಯ ಕೊಂಡಿಗೆ, ತೊಟ್ಟಿಲು ತೂಗಾಡುತ್ತಿತ್ತು. ನೀರು ಬಂದಾಗ ಯಾರೋ ಬುದ್ಧಿವಂತರು ಅದನ್ನು ಸರಪಳಿಸಮೇತ ಮೇಲಕ್ಕೆ ಎಳೆದು ಕಟ್ಟಿದ್ದರು; ಹೊಳೆ ಅದರ ಬುಡವನ್ನೂ ಮುಟ್ಟಿರಲಿಲ್ಲ. ಕಲಘಟಗಿಯ ತೊಟ್ಟಿಲದು. ಧಾರವಾಡ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈತುಂಬ ಚಿತ್ರ. ನಮ್ಮದರಲ್ಲಿ ಕೃಷ್ಣನ ಲೀಲೆಗಳಿದ್ದವು. ಅಪ್ಪ, ಕಾಕಾಗಳು, ಅಣ್ಣ, ನಾನು, ನನ್ನ ಮಗ, ಎಲ್ಲರೂ ಅದರಲ್ಲಿ ಮಲಗಿದವರೇ.

"ಅಣ್ಣಾ, ಒಂದ ತಾಸು ತಡಿ" ಎಂದೆ.

"ಏನ ತಡೀತಿ? ತಾಸಿಗೆ ಇಷ್ಟಂತ ಬಾಡಗಿ ಐತಿ. ನೀ ಕೊಟ್ಟ ಮನಿ ಹೆಣಮಗಳು, ಈ ಉಸಾಬರಿ ನಿನಗ್ಯಾಕ?"

ಆ ಮಾತು ನನಗೆ ನಾಟಿತು. ಆದರೆ ಅದಕ್ಕೆ ಉತ್ತರ ಕೊಡುತ್ತ ನಿಂತರೆ ತಾಸು ಅಲ್ಲಿಯೇ ಮುಗಿಯುತ್ತಿತ್ತು. ನಾನು ಅಣ್ಣನನ್ನು ಬಿಟ್ಟು ಜೆಸಿಬಿಯ ಹುಡುಗನ ಹತ್ತಿರ ಹೋದೆ. "ತಮ್ಮಾ, ಒಂದ ತಾಸಿನ ಬಾಡಗಿ ನಾ ಕೊಡತೇನಿ. ಎಂಜಿನ್ ಬಂದ ಮಾಡಿ ಚಹಾ ಕುಡಕೊಂಡ ಬಾ." ಅವನು ಅಣ್ಣನ ಮುಖ ನೋಡಿದ, ನನ್ನ ಕೈಯಲ್ಲಿದ್ದ ನೋಟು ನೋಡಿದ, "ಆತ್ರೀ ಯಕ್ಕಾರ" ಎಂದು ಇಳಿದ. ಓಣಿಯ ಇಬ್ಬರು ಕಾಲೇಜು ಹುಡುಗರು ನಿಚ್ಚಣಿಕೆ ತಂದರು. ಅಟ್ಟದಿಂದ ಇಳಿದದ್ದೆಲ್ಲ ನಾನು ಕಂಡೇ ಇರದ ವಸ್ತುಗಳು: ಎಲೆ ಅಡಿಕೆಯ ಹಿತ್ತಾಳೆ ಡಬ್ಬಿ, ನವಿಲಿನ ಆಕಾರದ ಅಡಕೊತ್ತು, ಶ್ಯಾವಿಗಿ ಮಣಿ, ಎರಡು ಕಡಗೋಲು, ಕೌದಿಗಳ ಗಂಟು, ಅಜ್ಜನ ಕಬ್ಬಿಣದ ಟ್ರಂಕು. ಹುಡುಗರು ಕೊಡುತ್ತಿದ್ದರು, ನಾನು ಇಸಿದುಕೊಂಡು ಎದುರಿನ ಮನೆಯ ಕಟ್ಟೆಗೆ ಸಾಗಿಸುತ್ತಿದ್ದೆ. ವೈನಿ ಒಂದೂ ಮಾತಾಡದೆ ಬಂದು ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದರು.

ತೊಟ್ಟಿಲನ್ನು ಕೊನೆಗೆ ಇಟ್ಟುಕೊಂಡಿದ್ದೆವು, ಯಾಕೆಂದರೆ ಅದರ ಕೆಲಸ ದೊಡ್ಡದು. ಕೊಂಡಿಗೆ ತುಕ್ಕು ಹಿಡಿದು ಸರಪಳಿ ಬಿಡಲೊಲ್ಲದು. ಒಬ್ಬ ಹುಡುಗ ತೊಲೆಯ ಮೇಲೆ ಕುಳಿತು ಸುತ್ತಿಗೆಯಿಂದ ಬಡಿಯುತ್ತಿದ್ದ, ಇನ್ನೊಬ್ಬ ಕೆಳಗಿನಿಂದ ತೊಟ್ಟಿಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ನಾನು ಪಕ್ಕದ ಹಲಗೆಗಳ ಬೆಣೆ ಬಿಚ್ಚುತ್ತಿದ್ದೆ. ನಮ್ಮ ತೊಟ್ಟಿಲು ಬಿಡಿಬಿಡಿಯಾಗಿ ಕಳಚುವಂಥದ್ದು. ಒಂದು ಹಲಗೆ ಕೈಗೆ ಬಂತು. ಅಷ್ಟರಲ್ಲಿ ಹೊರಗೆ ಎಂಜಿನ್ ಶುರುವಾಯಿತು. ತೊಲೆಯಿಂದ ಮಣ್ಣು ಉದುರಿ ನನ್ನ ಕಣ್ಣಲ್ಲಿ ಬಿತ್ತು. "ಹುಡುಗೂರು ಒಳಗದಾರ!" ಎಂದು ಚೀರಿದೆ. ಅಣ್ಣನೂ ಚೀರಿದ, ಅದನ್ನೂ ಹೇಳಬೇಕು, ಅವನೇ ಓಡಿ ಬಂದು ಯಂತ್ರದ ಮುಂದೆ ಕೈ ಬೀಸಿದ. ಆದರೆ ಆಮೇಲೆ ಅವನು ಯಾರನ್ನೂ ಒಳಗೆ ಬಿಡಲಿಲ್ಲ. "ಜೀವ ಹೋದರ ಯಾರು ಹೊಣಿ?" ಎಂದ. ಹುಡುಗರನ್ನು ಎಳೆದು ಹೊರಗೆ ತಂದ, ನನ್ನ ರಟ್ಟೆ ಹಿಡಿದು ಅಂಗಳಕ್ಕೆ ನೂಕಿದ.

ಯಂತ್ರದ ಕೈ ಮೇಲೆದ್ದು ಮಾಳಿಗೆಯ ಅಂಚಿಗೆ ಹಲ್ಲು ಊರಿತು. ಮೊದಲು ಜಂತಿಗಳು ಲಟಲಟ ಮುರಿದವು. ನಡುದೊಲೆ ಬಹಳ ಹೊತ್ತು ಜಗ್ಗಲಿಲ್ಲ. ಎರಡನೆಯ ಸಲ ಹಿಂದಕ್ಕೆ ಸರಿದು ಗುದ್ದಿದಾಗ ಒಂದು ಕೊನೆ ಗೋಡೆಯಿಂದ ಕಳಚಿ ಕೆಳಗಿಳಿಯಿತು, ತೊಟ್ಟಿಲು ತೊಲೆಯ ಜೊತೆಗೇ ಓರೆಯಾಗಿ ಜಾರಿತು, ಕೆಂಪು ಹಳದಿ ಬಣ್ಣ ಒಮ್ಮೆ ಬಿಸಿಲಲ್ಲಿ ಕಂಡಿತು. ಆಮೇಲೆ ಮಾಳಿಗೆಯ ಮಣ್ಣೆಲ್ಲ ಅದರ ಮೇಲೆ ಬಿತ್ತು. ನಾನು ಎದೆಗೆ ಅವುಚಿಕೊಂಡಿದ್ದ ಒಂದು ಹಲಗೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅದರಲ್ಲಿ ಕೃಷ್ಣ ಬೆಣ್ಣೆಯ ಗಡಿಗೆಗೆ ಕೈ ಹಾಕಿದ್ದಾನೆ. ಹದಿನೈದು ನಿಮಿಷ ಸಾಕಿತ್ತು. ಐದು ಲಕ್ಷ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ಅಳುತ್ತ ಕೂಡುವ ಹೆಂಗಸು ನಾನಲ್ಲ. ಹಂಡೆಗಳು ಯಾವ ಕಡೆ ಹೋದವೆಂದು ವೈನಿಯಿಂದ ತಿಳಿದುಕೊಂಡು ನೇರ ಆ ಮೋಡಕಾ ಅಂಗಡಿಗೆ ಹೋದೆ. ಹೊಳೆ ಬಂದ ಊರುಗಳ ಸಂಸಾರವೆಲ್ಲ ಅಲ್ಲಿ ಗುಡ್ಡೆ ಬಿದ್ದಿತ್ತು. ಜಾಗ ಉಳಿಸಲು ಪಾತ್ರೆಗಳನ್ನು ಸುತ್ತಿಗೆಯಿಂದ ಬಡಿದು ಹಪ್ಪಳದ ಹಾಗೆ ಚಪ್ಪಟೆ ಮಾಡುತ್ತಿದ್ದರು. ನಮ್ಮ ಸಣ್ಣ ಹಂಡೆ ಆಗಲೇ ಹಾಗಾಗಿತ್ತು. ದೊಡ್ಡದು ಕಂಠಕ್ಕೆ ಒಂದು ಪೆಟ್ಟು ತಿಂದು ಸರದಿಯಲ್ಲಿತ್ತು. ಅಂಗಡಿಯ ಯಜಮಾನರಿಗೆ ವಿಷಯ ಹೇಳಿದೆ. ಅವರು ಹಂಡೆಯನ್ನು ತಕ್ಕಡಿಗೆ ಹಾಕಿ, ತಾವು ಕೊಂಡ ದರಕ್ಕೇ ಕೊಟ್ಟರು, ಒಂದು ರೂಪಾಯಿ ಹೆಚ್ಚು ಹೇಳಲಿಲ್ಲ. "ಯವ್ವಾ, ನಾವು ಒಡೀತೀವಿ ಅಂತ ಎಲ್ಲಾರೂ ಬೈತಾರ. ತಂದ ಕೊಡಾವ್ರ ಯಾರು?" ಎಂದರು. ಮೋಡಕಾದವರ ಮೇಲೆ ನನಗೆ ಸಿಟ್ಟಿಲ್ಲ. ಪರಿಚಯ ಮಾಡಿಕೊಂಡು ಫೋನ್ ನಂಬರ್ ಕೊಟ್ಟಿಟ್ಟರೆ ಒಡೆಯುವ ಮೊದಲು ಅವರೇ ಕರೆದು ಹೇಳುತ್ತಾರೆ. ನನ್ನ ಖೋಲಿಯ ಅರ್ಧ ಸಾಮಾನು ಬಂದದ್ದು ಹಾಗೆಯೇ.

ಆ ಹಂಡೆಯನ್ನು ತೊಳೆದ ದಿನದ ಖುಷಿಯನ್ನು ಹೇಗೆ ಹೇಳಲಿ? ತಲೆಮಾರುಗಳ ಮಸಿ ಅದರ ಮೇಲೆ ಡಾಂಬರಿನ ಥರ ಕೂತಿತ್ತು. ಹುಣಸೆಹಣ್ಣು ನೆನೆಹಾಕಿ, ಹರಳುಪ್ಪು ಬೆರೆಸಿ, ತೆಂಗಿನ ನಾರಿನಿಂದ ತಿಕ್ಕಿದೆ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಬಲ ಕೊಡುತ್ತದೆ. ತಂತಿಯ ಬ್ರಷ್ಷು, ಆಸಿಡ್ಡು ಹತ್ತಿರ ತರಬಾರದು, ತಾಮ್ರವೇ ಸವೆಯುತ್ತದೆ. ಕಂಠದ ಕೆಳಗೆ ತಿಕ್ಕುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿದಂತಾಯಿತು. ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ. ನಿಂಬೆಹಣ್ಣಿನ ಹೋಳಿನಿಂದ ಮೆಲ್ಲಗೆ ಉಜ್ಜಿದೆ. ಮೊದಲು "ಸೌ" ಕಂಡಿತು, ಆಮೇಲೆ ನನ್ನ ಅಜ್ಜಿಯ ಹೆಸರು, ಅದರ ಕೆಳಗೆ ಅವಳ ತವರಿನ ಊರು, ಕೊನೆಗೆ "ಆಯೇರಿ" ಎಂಬ ಮಾತು ಮತ್ತು ಇಸವಿ, 1938. ನಮ್ಮೂರ ಪಂಚಲಿಂಗೇಶ್ವರ ಗುಡಿಯಲ್ಲಿ ಸೇವುಣರ ಕಾಲದ ಶಾಸನಗಳಿವೆ. ಯಾವ ರಾಜ ಯಾರಿಗೆ ಏನು ದಾನ ಕೊಟ್ಟನೆಂದು ವಿದ್ವಾಂಸರು ಓದಿ ಅಚ್ಚು ಹಾಕಿದ್ದಾರೆ. ನನ್ನ ಅಜ್ಜಿಯ ಹೆಸರು ಬರೆದದ್ದು ಇಡೀ ಲೋಕದಲ್ಲಿ ಆ ಹಂಡೆಯ ಮೇಲೆ ಮಾತ್ರ. ಹೊಲದ ಉತಾರದಲ್ಲಿ ಅವಳಿಲ್ಲ, ಮನೆಯ ಕಾಗದದಲ್ಲಿ ಅವಳಿಲ್ಲ. ಕಿಲೋ ಲೆಕ್ಕದಲ್ಲಿ ಅದನ್ನು ಮಾರಿದ ಅಣ್ಣನಿಗೆ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಅಲ್ಲಿಂದ ಮುಂದೆ ಇದೇ ಗೀಳಾಯಿತು. ಮನೋಳಿ, ರಾಮದುರ್ಗ, ಸವದತ್ತಿ, ಕಿತ್ತೂರು ಕಡೆ ಯಾರ ಮನೆ ಬೀಳುತ್ತದೆ ಎಂದರೂ ಹೋಗುತ್ತೇನೆ. ಒಂದು ತಿಪ್ಪೆಯಲ್ಲಿ "ಪ್ರಭಾಕರ" ಕಂದೀಲು ಸಿಕ್ಕಿತು. ಕರಾಡದ ಹತ್ತಿರದ ಓಗಲೇವಾಡಿಯಲ್ಲಿ ಓಗಲೆಯವರ ಗಾಜಿನ ಕಾರ್ಖಾನೆಯವರು ಸ್ವದೇಶಿಯ ಹುಮ್ಮಸ್ಸಿನಲ್ಲಿ ಮಾಡಿದ್ದು. ಇನ್ನೊಂದು ಕಡೆ ದನದ ಕೊಟ್ಟಿಗೆಯಲ್ಲಿ ಎರಕದ ಅಕ್ಷರದ ಕಿರ್ಲೋಸ್ಕರ ನೇಗಿಲು. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿಯೇ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದವರು. ಅವರ ನೇಗಿಲು ಅವರ ಊರ ಬಗಲಲ್ಲೇ ತುಕ್ಕು ತಿನ್ನುತ್ತಿತ್ತು. ಸೇರು ಪಾವುಗಳಂತೂ ಎಲ್ಲೆಲ್ಲೂ ಇವೆ. ದಶಮಾನ ಪದ್ಧತಿ ಬಂದು ಅಂಗಡಿ ಬಿಟ್ಟ ಮೇಲೂ ಮನೆಯಲ್ಲಿ ಜೋಳ ಅಳೆಯಲು ಇದ್ದವು, ಈಗ ಹುಡುಗರು ಮೀನಿನ ಹುಳ ಹಾಕಿಡುತ್ತಾರೆ.

ಬೀಸುಕಲ್ಲಿನ ವಿಷಯಕ್ಕೆ ನನಗೆ ಹೆಚ್ಚು ಸಂಕಟ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಹಾಡು ಕೂಡಿಸಿ 1931ರಲ್ಲಿ "ಗರತಿಯ ಹಾಡು" ತಂದರು, ಹಾಡು ಉಳಿದವು. ಆ ಹಾಡು ಹುಟ್ಟಿದ ಕಲ್ಲನ್ನು ಮನೆಯ ಮುಂದಿನ ಗಟಾರಕ್ಕೆ ಹಾಸುತ್ತೇವೆ. ಗೂಟ ಹೋಗಿದ್ದರೂ, ನಡುವಿನ ಕೀಲು ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ. ಕಲ್ಲು ಸೀಳಿರಬಾರದು, ಅಷ್ಟೇ. ಉಳಿಯಿಂದ ಮುಳ್ಳು ಹೊಡೆಸಿ, ಮೊದಲು ಒಂದೆರಡು ಹಿಡಿ ಜೋಳ ಬೀಸಿ ಚೆಲ್ಲಿರಿ, ಕಲ್ಲಿನ ಪುಡಿ ಹೋಗುತ್ತದೆ. ನಾನು ಬೇಳೆ ಒಡೆಯುವುದು ಅದರಲ್ಲಿಯೇ.

ನೀರು ಕುಡಿದ ಕಟ್ಟಿಗೆಯನ್ನು ಬಿಸಿಲಿಗೆ ಇಡಬೇಡಿರಿ, ಸೀಳು ಬಿಡುತ್ತದೆ. ನೆರಳಲ್ಲಿ, ಗಾಳಿ ಆಡುವಲ್ಲಿ, ಕೆಳಗೆ ಇಟ್ಟಿಗೆ ಕೊಟ್ಟು ಒಣಗಿಸಿ, ಪೂರ್ತಿ ಒಣಗಿದ ಮೇಲೆ ಅಗಸಿ ಎಣ್ಣೆ ಸವರಿರಿ. ಬಣ್ಣ ಬರೆದ ಕಟ್ಟಿಗೆಗೆ ಎಣ್ಣೆಯೂ ಬೇಡ, ಒಣ ಬಟ್ಟೆ ಸಾಕು. ನೆನೆದ ಕೌದಿಯನ್ನು ಹಿಂಡಬಾರದು.

ಪುಣೆಯಲ್ಲಿ ದಿನಕರ ಕೇಳಕರರು ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಮಾಡಿದ ವಸ್ತುಸಂಗ್ರಹಾಲಯವನ್ನು ನೋಡಿ ಬಂದಿದ್ದೇನೆ. ದೀಪ, ಅಡಕೊತ್ತು, ಪಾತ್ರೆ, ಬಾಗಿಲು, ಒಬ್ಬ ಮನುಷ್ಯ ಹಳ್ಳಿ ಹಳ್ಳಿ ತಿರುಗಿ ಇಷ್ಟು ಕೂಡಿಸಿದನೇ ಎಂದು ಕೈ ಮುಗಿದೆ. ನಮ್ಮ ಕಡೆ ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ಅವೆಲ್ಲ ಬೇಕು. ಆದರೆ ನನ್ನ ಮನಸ್ಸು ಇನ್ನೊಂದು ಕಡೆ ಎಳೆಯುತ್ತದೆ: ಹಂಡೆಯಲ್ಲಿ ನೀರು ಕಾಯಬೇಕು, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಬೇಕು. ದೊಡ್ಡ ಊರುಗಳ ಹೋಟೆಲಿನವರು ಚೌಕಟ್ಟು, ಕಂಬ ಕೇಳಿಕೊಂಡು ಬಂದರೆ ನಾನು ಕೊಡುವುದಿಲ್ಲ. ಮನೆ ಕಟ್ಟುವವರು ಬಂದು, ಬಳಸುತ್ತೇವೆ ಎಂದರೆ ಬಿಟ್ಟಿ ಕೊಡುತ್ತೇನೆ. ರಾಮದುರ್ಗದ ಒಬ್ಬ ಹೊಸ ಮದುಮಗಳು ಹಿತ್ತಾಳೆಯ ದೊಡ್ಡ ಬೋಗುಣಿ ಒಯ್ದಳು, ಹಬ್ಬಕ್ಕೆ ಅದರಲ್ಲಿ ಕಟ್ಟಿನ ಸಾರು ಮಾಡಿದಳು.

ಹಾಗೆ ಬಳಸುವುದಿದ್ದರೆ ಕಲಾಯಿ ಬೇಕೇ ಬೇಕು. ಸ್ನಾನದ ಹಂಡೆಗೆ ಬೇಡ, ಹುಳಿ ಪದಾರ್ಥ ಮುಟ್ಟುವ ಹಿತ್ತಾಳೆ, ತಾಮ್ರಕ್ಕೆ ಬೇಕು. ಪಾತ್ರೆ ಕಾಯಿಸಿ, ನವಸಾಗರ ಹಾಕಿ ಒಳಮೈ ಶುದ್ಧ ಮಾಡಿ, ತವರ ಬಿಟ್ಟು ಅರಳೆಯಿಂದ ಸವರುವ ಕೆಲಸ ಬಲ್ಲವರು ಈಗ ಬಹಳ ಕಡಿಮೆ. ಮೊದಲು ಓಣಿಯಲ್ಲಿ ಕೂಗುತ್ತ ಬರುತ್ತಿದ್ದರು, ಈಗ ನಾವೇ ಹುಡುಕಿ ಕರೆಸಬೇಕು. ಒಂದೆರಡು ಪಾತ್ರೆಗೆ ಅವರು ತಿದಿ ಹೊತ್ತು ಬರಲಾರರು, ಬರಬಾರದು ಕೂಡ, ಅವರ ಹೊಟ್ಟೆಯೂ ತುಂಬಬೇಕಲ್ಲ. ಓಣಿಯವರೆಲ್ಲ ಕೂಡಿ ಪಾತ್ರೆ ಒಟ್ಟು ಮಾಡಿರಿ. ದೀಪಾವಳಿಗೆ ಹದಿನೈದು ದಿನ ಮೊದಲೇ ಹೇಳಿರಿ, ಹಬ್ಬದ ಹೊತ್ತಿಗೆ ಅವರು ಕೈಗೆ ಸಿಗುವುದಿಲ್ಲ. ತವರ ಶುದ್ಧವಿರಲಿ, ಸೀಸ ಬೆರೆಸಿದ್ದು ಬೇಡವೆಂದು ಮೊದಲೇ ಮಾತಾಡಿಕೊಂಡು, ಎದುರಿಗೇ ಕುಳಿತು ಮಾಡಿಸಿಕೊಳ್ಳಿರಿ.