ಅಣುವಿನ ಆಕಾರ ಮತ್ತು ಗುಂಪಿನ ವಿನ್ಯಾಸ

ಸಾಬೂನು ನೀರಿನಲ್ಲಿ ಜಿಡ್ಡನ್ನು ಕರಗಿಸುತ್ತದೆ. ಜೀವಕೋಶದ ಪೊರೆಯಾದರೋ ಸದಾ ನೀರಿನ ನಡುವೆಯೇ ಇದ್ದರೂ ಕರಗದೆ ಉಳಿಯುತ್ತದೆ. ಈ ಎರಡರಲ್ಲಿಯೂ ಇರುವ ಮುಖ್ಯ ಅಣುಗಳು ಒಂದೇ ಕುಲಕ್ಕೆ ಸೇರಿದವು ಎಂಬುದು ಗಮನಾರ್ಹ. ಅವುಗಳ ವರ್ತನೆ ಬೇರೆಯಾಗಲು ಅಣುವಿನ ಆಕಾರವೇ ಪ್ರಧಾನ ಕಾರಣ.

ತಲೆ ಮತ್ತು ಬಾಲ

ಈ ಅಣುಗಳಿಗೆ ನೀರನ್ನು ಬಯಸುವ ತಲೆಯೂ ನೀರಿನಿಂದ ದೂರ ಸರಿಯುವ ಬಾಲವೂ ಇರುತ್ತವೆ. ಆದ್ದರಿಂದ ಇವುಗಳನ್ನು ಉಭಯಗುಣಿ ಅಣುಗಳೆಂದು ಕರೆಯಬಹುದು. ನೀರಿನಲ್ಲಿ ಇವುಗಳ ಪ್ರಮಾಣ ಒಂದು ಮಿತಿಯನ್ನು ಮೀರಿದಾಗ, ಬಾಲಗಳನ್ನು ಒಳಗೆ ಅಡಗಿಸಿ, ತಲೆಗಳನ್ನು ಹೊರಗೆ ಚಾಚಿ, ತಾವಾಗಿಯೇ ಗುಂಪುಗೂಡುತ್ತವೆ. ಇಂತಹ ಗುಂಪಿಗೆ 1913ರಲ್ಲಿ ಮೆಕ್‌ಬೇನ್ ಎಂಬ ವಿಜ್ಞಾನಿ 'ಮೈಸೆಲ್' ಎಂಬ ಹೆಸರನ್ನು ಬಳಸಿದರು. ಜಿಡ್ಡು ಸೇರಿಕೊಳ್ಳುವುದು ಇದರ ಒಡಲೊಳಗೆ.

ಆಕಾರದ ಲೆಕ್ಕ

ಕಿತ್ತಳೆಯ ತೊಳೆಗಳನ್ನು ಜೋಡಿಸಿದರೆ ಗುಂಡಾಗುತ್ತದೆ; ಇಟ್ಟಿಗೆಗಳನ್ನು ಜೋಡಿಸಿದರೆ ಗೋಡೆಯಾಗುತ್ತದೆ. ಅಣುಗಳ ವಿಷಯದಲ್ಲಿಯೂ ಹೀಗೆಯೇ. ಇದಕ್ಕೊಂದು ಸರಳ ಲೆಕ್ಕವನ್ನು ಇಸ್ರೇಲಾಚ್ವಿಲಿ, ಮಿಚೆಲ್ ಮತ್ತು ನಿನ್‌ಹ್ಯಾಮ್ ಅವರು 1976ರಲ್ಲಿ ಮುಂದಿಟ್ಟರು. ಬಾಲದ ಘನಗಾತ್ರವನ್ನು, ತಲೆ ಆಕ್ರಮಿಸುವ ವಿಸ್ತೀರ್ಣ ಮತ್ತು ಬಾಲದ ಉದ್ದಗಳ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ ಮೂರನೆಯ ಒಂದಕ್ಕಿಂತ ಕಡಿಮೆಯಾದರೆ ಗುಂಪು ಗೋಳಾಕಾರ ತಾಳುತ್ತದೆ. ಅಲ್ಲಿಂದ ಅರ್ಧದವರೆಗೆ ಕಡ್ಡಿಯ ಆಕಾರ. ಅರ್ಧದಿಂದ ಒಂದರವರೆಗೆ ಹಾಳೆಯ ಆಕಾರ.

ನೀರಿನ ಅಂಶ ಕಡಿಮೆಯಾದಾಗ ಕಡ್ಡಿಗಳು ಜೇನುಗೂಡಿನಂತೆ ಷಟ್ಕೋನ ಕ್ರಮದಲ್ಲಿಯೂ ಹಾಳೆಗಳು ಒಂದರ ಮೇಲೊಂದಾಗಿಯೂ ನೆಲೆಗೊಳ್ಳುತ್ತವೆ. ಸ್ಫಟಿಕದ ಶಿಸ್ತು, ದ್ರವದ ಚಲನೆ ಎರಡೂ ಇರುವ ಈ ಸ್ಥಿತಿಯೇ ದ್ರವಸ್ಫಟಿಕ. ಸಾಬೂನು ತಯಾರಿಕೆಯಲ್ಲಿ ಈ ಎರಡು ಸ್ಥಿತಿಗಳೂ ಕಂಡುಬರುತ್ತವೆ.

ಒಂದು ಬಾಲ, ಎರಡು ಬಾಲ

ಸಾಬೂನಿನ ಅಣುವಿಗೆ ಒಂದೇ ಬಾಲ. ಅದು ತೊಳೆಯಂತೆ ಒಂದು ಕಡೆ ಕಿರಿದು. ಕೋಶಪೊರೆಯ ಫಾಸ್ಫೋಲಿಪಿಡ್ ಅಣುವಿಗೆ ಎರಡು ಬಾಲಗಳಿರುವುದರಿಂದ ಅದು ಇಟ್ಟಿಗೆಯಂತೆ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದು, ಎರಡು ಪದರಗಳ ಹಾಳೆಯನ್ನು ಕಟ್ಟುತ್ತದೆ. ಈ ಹಾಳೆಯ ದಪ್ಪ ಒಂದು ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲೊಂದು ಭಾಗ. ಇಟ್ಟಿಗೆಯ ಗೋಡೆಯಲ್ಲಿ ತೊಳೆಗಳು ನುಸುಳಿದರೆ ಗೋಡೆ ನಿಲ್ಲದು. ಕೊರೋನಾ ವೈರಸ್ಸಿನ ಹೊರಕವಚವೂ ಇಂತಹ ಹಾಳೆಯೇ ಆದ್ದರಿಂದ ಸಾಬೂನು ಅದನ್ನು ಒಡೆಯಬಲ್ಲದು.

ರೋಗಿಗೆ ಆದ ಪ್ರಯೋಜನ

ಎರಡು ಬಾಲದ ಅಣುಗಳ ಹಾಳೆ ಅಂಚುಗಳನ್ನು ಕೂಡಿಸಿಕೊಂಡು ಪುಟ್ಟ ಗುಳ್ಳೆಯೂ ಆಗಬಲ್ಲದು. ಇದೇ ಲೈಪೋಸೋಮ್. ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ಅವರು 1960ರ ದಶಕದಲ್ಲಿ ಇದನ್ನು ವಿವರಿಸಿದರು.

ಬಿಹಾರ ಮೊದಲಾದ ರಾಜ್ಯಗಳನ್ನು ಕಾಡಿದ ಕಾಲಾ ಅಜಾರ್ ರೋಗಕ್ಕೆ ಆಂಫೋಟೆರಿಸಿನ್-ಬಿ ಪರಿಣಾಮಕಾರಿ ಔಷಧ. ಆದರೆ ಮೂತ್ರಪಿಂಡಗಳಿಗೆ ಹಾನಿಕರ. ಈ ಅಣುವೂ ಉಭಯಗುಣಿಯಾದುದರಿಂದ ಲೈಪೋಸೋಮಿನ ಹಾಳೆಯಲ್ಲಿ ನೆಲೆಯೂರುತ್ತದೆ. ರೋಗಾಣುಗಳು ಅಡಗಿರುವ ರಕ್ಷಕ ಕೋಶಗಳೇ ಈ ಗುಳ್ಳೆಗಳನ್ನು ನುಂಗುವುದರಿಂದ ಔಷಧ ಹೆಚ್ಚಾಗಿ ಸೇರಬೇಕಾದಲ್ಲಿಗೇ ಸೇರಿ, ಮೂತ್ರಪಿಂಡಗಳ ಮೇಲಿನ ಭಾರ ತಗ್ಗುತ್ತದೆ. ಹಳೆಯ ಕ್ರಮದಲ್ಲಿ ದಿನ ಬಿಟ್ಟು ದಿನ 15 ಬಾರಿ ಔಷಧವನ್ನು ರಕ್ತನಾಳದ ಮೂಲಕ ಹನಿಸಬೇಕಾಗಿತ್ತು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಲೈಪೋಸೋಮ್ ರೂಪದಲ್ಲಿ ಒಂದೇ ಬಾರಿ ನೀಡಿದಾಗಲೂ, ಆರು ತಿಂಗಳ ತರುವಾಯ 100ರಲ್ಲಿ ಸುಮಾರು 96 ಮಂದಿ ಗುಣಮುಖರಾಗಿದ್ದರೆಂದು ಬಿಹಾರದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ರಾಷ್ಟ್ರೀಯ ಕಾರ್ಯಕ್ರಮವು 2014ರಲ್ಲಿ ಈ ವಿಧಾನವನ್ನು ಅಳವಡಿಸಿಕೊಂಡಿತು.

ಸುಮಾರು ಒಂದು ತಿಂಗಳ ಕಾಲ ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯಬೇಕಿದ್ದ ಬಡ ರೋಗಿಯ ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯುವಂತಾಯಿತು. ಔಷಧ ಬದಲಾಗಲಿಲ್ಲ, ಅದಕ್ಕೆ ದೊರೆತ ಆಶ್ರಯ ಬದಲಾಯಿತು. ಆ ಆಶ್ರಯವನ್ನು ಕಟ್ಟಿಕೊಟ್ಟದ್ದು ಅಣುವಿನ ಎರಡು ಬಾಲಗಳು.