ಬಝರ್ ಕೂಗಿದ ಮೇಲೆ ಏನು?

ಯಾವ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದ್ರೂ 'ಗ್ಯಾಸ್ ಲೀಕೇಜ್ ಡಿಟೆಕ್ಟರ್' ಒಂದಾದ್ರೂ ಇದ್ದೇ ಇರುತ್ತೆ. ಒಂದು ಆರ್ಡುಯಿನೋ, ಒಂದು ಎಂಕ್ಯೂ-2 ಸೆನ್ಸರ್, ಒಂದು ಬಝರ್. ಕಲಿಯೋಕೆ ಒಳ್ಳೆಯ ಪ್ರಾಜೆಕ್ಟೇ. ಆದರೆ ಇದೇ ಕೆಲಸವನ್ನು ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಮಾಡಬೇಕಾದರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ಅನಿಲ? ಸೆನ್ಸರ್ ಎಲ್ಲಿ ಇಡೋದು? ಅಲಾರಂ ಆದ ಮೇಲೆ ಯಾರು ಏನು ಮಾಡ್ತಾರೆ?

ಮೂಗು ಸಾಲದೇ?

ಸಾಲದು. ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆ ವಾಸನೆ ನಮಗೆಲ್ಲ ಗೊತ್ತು. ಗಾಳಿಯಲ್ಲಿ 1 ಪಿಪಿಎಂ, ಅಂದರೆ 10 ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗು ಅದನ್ನು ಹಿಡಿಯುತ್ತೆ. ಆದರೆ ಸುಮಾರು 100 ಪಿಪಿಎಂ ಮುಟ್ಟಿದಾಗ ವಾಸನೆ ಗ್ರಹಿಸುವ ಶಕ್ತಿಯೇ ಹೋಗಿಬಿಡುತ್ತೆ. ವಾಸನೆ ನಿಂತಿತು, ಸೋರಿಕೆಯೂ ನಿಂತಿರಬೇಕು ಅಂದುಕೊಳ್ಳುವ ಹೊತ್ತಿಗೆ ನಿಜವಾದ ಅಪಾಯ ಶುರುವಾಗಿರುತ್ತೆ.

ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿದ್ದ ಮೀಥೈಲ್ ಐಸೋಸಯನೇಟ್ ಇನ್ನೂ ಕೆಟ್ಟದ್ದು. ಕೆಲಸದ ಜಾಗದಲ್ಲಿ ಅದರ ಮಿತಿ 0.02 ಪಿಪಿಎಂ. ಕಣ್ಣು ಉರಿಯೋದು ಸುಮಾರು 2 ಪಿಪಿಎಂನಲ್ಲಿ. ಅಂದರೆ ಕಣ್ಣಲ್ಲಿ ನೀರು ಬರುವಾಗಲೇ ಮಿತಿಯ 100 ಪಟ್ಟು ದಾಟಿರುತ್ತೆ! 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕೆಲಸಗಾರರಿಗೆ ಸೋರಿಕೆ ಗೊತ್ತಾಗಿದ್ದು ಕಣ್ಣುರಿಯಿಂದಲೇ, ಸುಮಾರು 11.30ಕ್ಕೆ. ಭಾರಿ ಪ್ರಮಾಣದಲ್ಲಿ ಅನಿಲ ಹೊರನುಗ್ಗಿದ್ದು ಮಧ್ಯರಾತ್ರಿ ದಾಟಿದ ಮೇಲೆ. ನಡುವೆ ಇದ್ದ ಆ ಸಮಯ ಹಾಗೇ ಕಳೆದುಹೋಯಿತು. ಸಾವಿರಾರು ಜನ ಸತ್ತರು.

ಯಾವ ಅನಿಲಕ್ಕೆ ಯಾವ ಸೆನ್ಸರ್?

ಎಲ್ಲ ಅನಿಲಕ್ಕೂ ಆಗುವ ಒಂದೇ ಸೆನ್ಸರ್ ಇಲ್ಲ. ನಮ್ಮ ಎಂಕ್ಯೂ-2 ಎಲ್‌ಪಿಜಿಗೂ ಕೂಗುತ್ತೆ, ಹೊಗೆಗೂ ಕೂಗುತ್ತೆ, ಆಲ್ಕೋಹಾಲ್ ಆವಿಗೂ ಕೂಗುತ್ತೆ. ಏನೋ ಇದೆ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸೋದು ಈ ಮೂರು.

ಎಲೆಕ್ಟ್ರೋಕೆಮಿಕಲ್ ಸೆಲ್: ಕ್ಲೋರಿನ್, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲಗಳಿಗೆ. ಅನಿಲ ಎಲೆಕ್ಟ್ರೋಡ್ ಮೇಲೆ ಪ್ರತಿಕ್ರಿಯಿಸಿ, ತನ್ನ ಪ್ರಮಾಣಕ್ಕೆ ತಕ್ಕಷ್ಟು ಕರೆಂಟ್ ಕೊಡುತ್ತೆ.

ಕ್ಯಾಟಲಿಟಿಕ್ ಬೀಡ್: ಹೊತ್ತಿಕೊಳ್ಳುವ ಅನಿಲಗಳಿಗೆ. ಬಿಸಿ ಮಣಿಯ ಮೇಲೆ ಅನಿಲ ಉರಿದು ರೆಸಿಸ್ಟೆನ್ಸ್ ಬದಲಾಗುತ್ತೆ, ನಾವು ಲ್ಯಾಬಲ್ಲಿ ಮಾಡಿದ ವೀಟ್‌ಸ್ಟೋನ್ ಬ್ರಿಜ್ ಅದನ್ನು ಅಳೆಯುತ್ತೆ. ಮೀಥೇನ್ ಗಾಳಿಯಲ್ಲಿ ಶೇ. 5 ಆದರೆ ಹೊತ್ತಿಕೊಳ್ಳಬಹುದು. ಹಾಗಾಗಿ ಅಲಾರಂ ಅದಕ್ಕಿಂತ ಬಹಳ ಕೆಳಗೇ ಇಡಬೇಕು. ಸಿಲಿಕೋನ್ ಆವಿ ತಗುಲಿದರೆ ಮಣಿ ಸತ್ತೇಹೋಗುತ್ತೆ, ಆದರೆ ಡಿಸ್‌ಪ್ಲೇ ಮಾತ್ರ 'ಸೊನ್ನೆ' ಅಂತ ತೋರಿಸ್ತಾ ಇರುತ್ತೆ.

ಇನ್‌ಫ್ರಾರೆಡ್: ಮೀಥೇನ್‌ನಂಥ ಹೈಡ್ರೋಕಾರ್ಬನ್‌ಗಳಿಗೆ ಚೆನ್ನಾಗಿದೆ, ಆಕ್ಸಿಜನ್ ಬೇಕಿಲ್ಲ. ಆದರೆ ಹೈಡ್ರೋಜನ್ ಇದಕ್ಕೆ ಕಾಣಿಸೋದೇ ಇಲ್ಲ, ಯಾಕೆಂದರೆ ಅದು ಇನ್‌ಫ್ರಾರೆಡ್ ಬೆಳಕನ್ನು ಹೀರಲ್ಲ.

ಎಲ್ಲಿ ಇಡೋದು?

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದಕ್ಕೆ ಸೆನ್ಸರ್ ನೆಲದ ಹತ್ತಿರ ಇರಬೇಕು. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಇಡಬೇಕು ಅನಿಸುತ್ತೆ. ಆದರೆ ದ್ರವ ಅಮೋನಿಯಾ ಸೋರಿದರೆ ತಣ್ಣನೆಯ ಮಂಜಾಗಿ ಮೊದಲು ನೆಲದ ಮೇಲೇ ಹರಡಬಹುದು. ಅಂದರೆ ಬರೀ ಮಾಲಿಕ್ಯುಲರ್ ತೂಕ ನೋಡಿದರೆ ಆಗಲ್ಲ. ಉಷ್ಣತೆ, ಒತ್ತಡ, ಗಾಳಿ ಬೀಸುವ ದಿಕ್ಕು ಎಲ್ಲವನ್ನೂ ನೋಡಬೇಕು.

ಜಾಗ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಸಾಕ್ಷಿ. ಲಾಕ್‌ಡೌನ್‌ನಲ್ಲಿ ಟ್ಯಾಂಕಿನ ಸ್ಟೈರೀನ್ ಹಾಗೇ ನಿಂತಿತ್ತು. ಒಳಗೊಳಗೇ ಪಾಲಿಮರ್ ಆಗ್ತಾ ಬಿಸಿಯೇರುತ್ತಿತ್ತು. ಉಷ್ಣತೆ ಅಳೆಯುವ ವ್ಯವಸ್ಥೆ ಇದ್ದದ್ದು ಟ್ಯಾಂಕಿನ ತಳದಲ್ಲಿ ಮಾತ್ರ, ಮೇಲಿನ ಪದರದ ಬಿಸಿ ಅದಕ್ಕೆ ಗೊತ್ತಾಗಲಿಲ್ಲ. 2020ರ ಮೇ 7ರ ನಸುಕಿನಲ್ಲಿ ಆವಿ ಹೊರನುಗ್ಗಿತು. ಸುತ್ತಲ ಊರಿನವರು ನಿದ್ದೆಯಲ್ಲಿದ್ದರು. ಕಾರ್ಖಾನೆಯಲ್ಲಿ ಸೈರನ್ ಇತ್ತು, ಆದರೆ ಯಾರೂ ಒತ್ತಲಿಲ್ಲ. 12 ಜನ ಸತ್ತರು.

ಅಲಾರಂ ಆದ ಮೇಲೆ

ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಪದೇ ಪದೇ ಸುಳ್ಳು ಅಲಾರಂ ಬಂದರೆ ಜನ ಅದನ್ನು ಆಫ್ ಮಾಡ್ತಾರೆ. ಅದಕ್ಕೇ ಮುಖ್ಯ ಜಾಗಗಳಲ್ಲಿ ಮೂರು ಸೆನ್ಸರ್ ಇಟ್ಟು, ಎರಡು ಒಪ್ಪಿದರೆ ವಾಲ್ವ್ ತಾನಾಗಿಯೇ ಮುಚ್ಚುವ ಹಾಗೆ ಮಾಡ್ತಾರೆ. ಸೆನ್ಸರ್‌ಗೆ ಆಗಾಗ ಗೊತ್ತಿರುವ ಪ್ರಮಾಣದ ಅನಿಲ ತೋರಿಸಿ, ಅದು ಬದುಕಿದೆಯಾ ಅಂತ ಪರೀಕ್ಷಿಸ್ತಾರೆ. ಸೈರನ್ ಕೇಳಿದವರಿಗೂ ಮೊದಲೇ ತಿಳಿದಿರಬೇಕು: ಗಾಳಿ ಎತ್ತ ಬೀಸ್ತಿದೆ ನೋಡಿ, ಅನಿಲ ಹೋಗುವ ದಿಕ್ಕಿಗೆ ಓಡದೆ ಅದಕ್ಕೆ ಅಡ್ಡವಾಗಿ ದೂರ ಹೋಗಬೇಕು.

ಹಾಗಾಗಿ ಗೆಳೆಯರೇ, ಮುಂದಿನ ಸಲ ನಾವು ಗ್ಯಾಸ್ ಡಿಟೆಕ್ಟರ್ ಪ್ರಾಜೆಕ್ಟ್ ಮಾಡಿದರೆ ರಿಪೋರ್ಟಿನಲ್ಲಿ ಒಂದು ಪುಟ ಸೇರಿಸೋಣ. ಈ ಸೆನ್ಸರ್ ಯಾವ ಅನಿಲಕ್ಕೆ ಕುರುಡು, ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ, ಅದರ ಸಿಗ್ನಲ್ ಕೊನೆಗೆ ಯಾರಿಗೆ ತಲುಪುತ್ತೆ. ಈ ಪುಟ ಬರೆಯೋಕೆ ಕೋಡ್ ಬರೆಯೋದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಭೋಪಾಲ್‌ನಲ್ಲೂ ವಿಶಾಖಪಟ್ಟಣದಲ್ಲೂ ಕೊರತೆಯಾಗಿದ್ದು ಇದೇ ಪುಟದ ವಿಷಯಗಳು.