ದೊಡ್ಡ ಕರುಳಿನ ಕ್ಯಾನ್ಸರ್: ಔಷಧಕ್ಕೆ ಮೊದಲು ವಂಶವಾಹಿಯ ಪರೀಕ್ಷೆ

ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದುಹೋಗಿ, ಅವುಗಳ ಸ್ಥಾನವನ್ನು ಹೊಸ ಕೋಶಗಳು ತುಂಬುತ್ತವೆ. ಈ ನಿರಂತರ ವಿಭಜನೆಯನ್ನು ಹತೋಟಿಯಲ್ಲಿಡುವ ವಂಶವಾಹಿಗಳಲ್ಲಿ ಎಪಿಸಿ ಎಂಬುದು ಪ್ರಮುಖವಾದುದು. ಬಹುತೇಕ ರೋಗಿಗಳಲ್ಲಿ ಮೊದಲು ಕೆಡುವುದು ಇದೇ. ಆಗ ಕರುಳಿನಲ್ಲಿ ಪಾಲಿಪ್ ಎಂಬ ಪುಟ್ಟ ಗಂಟು ಮೂಡುತ್ತದೆ. ಮುಂದೆ ಕೆ-ರಾಸ್, ಪಿ-53 ಮುಂತಾದ ವಂಶವಾಹಿಗಳಲ್ಲಿಯೂ ದೋಷಗಳು ಸೇರುತ್ತ ಹೋದಂತೆ ಅದು ಕ್ಯಾನ್ಸರ್ ಆಗಿ ಪರಿಣಮಿಸುತ್ತದೆ. ಅಮೆರಿಕದ ವಿಜ್ಞಾನಿಗಳಾದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಅವರು 1990ರಲ್ಲಿ ಈ ಕ್ರಮವನ್ನು ನಿರೂಪಿಸಿದರು. ಇದಕ್ಕೆಲ್ಲ ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರುವವರು ಈ ಅಮೂಲ್ಯ ಕಾಲಾವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಜೀವಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಿಯಿದೆ. ಇದನ್ನು ಮನೆಬಾಗಿಲಿನ ಕರೆಗಂಟೆಗೆ ಹೋಲಿಸಬಹುದು. ಬೆಳವಣಿಗೆಯ ಸಂದೇಶ ಬಂದು ಗಂಟೆಯೊತ್ತಿದರೆ, ಒಳಗಿರುವ ಕೆ-ರಾಸ್ ಅದನ್ನು ಕೋಶಕೇಂದ್ರದತ್ತ ಸಾಗಿಸುತ್ತದೆ, ಕೋಶವು ವಿಭಜನೆಗೊಳ್ಳುತ್ತದೆ. ಸೆಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧವು ಈ ಗಂಟೆಯನ್ನೇ ಮುಚ್ಚಿಬಿಡುತ್ತದೆ. ದೇಹದ ಇತರ ಭಾಗಗಳಿಗೆ ಹರಡಿದ ಕರುಳಿನ ಕ್ಯಾನ್ಸರಿಗೆ ಇದನ್ನು ಬಳಸಲು 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದರೆ ಅನೇಕರಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಕಾರಣವು 2008ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಸುಮಾರು ಶೇಕಡ 40ರಷ್ಟು ರೋಗಿಗಳ ಗಂತಿಯಲ್ಲಿ ಕೆ-ರಾಸ್ ವಂಶವಾಹಿಯೇ ಮಾರ್ಪಟ್ಟಿರುತ್ತದೆ. ಅಂತಹ ಕೆ-ರಾಸ್, ಗಂಟೆ ಬಾರಿಸದಿದ್ದರೂ ಸಂದೇಶವನ್ನು ಕಳುಹಿಸುತ್ತಲೇ ಇರುತ್ತದೆ. ಹೀಗಿರುವಾಗ ಹೊರಗಿನ ಗಂಟೆಯನ್ನು ಮುಚ್ಚಿ ಫಲವೇನು? ರೋಗಿಗೆ ಉಳಿಯುವುದು ಮೈಮೇಲಿನ ಗುಳ್ಳೆಗಳು ಮತ್ತು ದುಬಾರಿ ವೆಚ್ಚ ಮಾತ್ರ. ಆದುದರಿಂದ ಈಗ ಕೆ-ರಾಸ್ ಹಾಗೂ ಅದರ ಸೋದರ ವಂಶವಾಹಿ ಎನ್-ರಾಸ್‌ಗಳನ್ನು ಪರೀಕ್ಷಿಸಿದ ನಂತರವೇ ಈ ಔಷಧವನ್ನು ನೀಡಲಾಗುತ್ತದೆ.

ದೀರ್ಘಕಾಲ ಯಾವ ಔಷಧಕ್ಕೂ ಜಗ್ಗದಿದ್ದ ಕೆ-ರಾಸ್‌ನ ಒಂದು ಮಾರ್ಪಾಡಿಗೆ, ಅಂದರೆ ಜಿ12ಸಿ ಎಂಬುದಕ್ಕೆ, ಇತ್ತೀಚೆಗೆ ಮದ್ದು ದೊರೆತಿದೆ. ಅಡಾಗ್ರಾಸಿಬ್ ಎಂಬ ಮಾತ್ರೆಯನ್ನು ಸೆಟುಕ್ಸಿಮ್ಯಾಬ್ ಜೊತೆಗೆ ಕೊಡಲು 2024ರಲ್ಲಿ ಅಮೆರಿಕದಲ್ಲಿ ಅನುಮತಿ ನೀಡಲಾಯಿತು. ಒಂಟಿಯಾಗಿ ನಿಷ್ಫಲವಾಗಿದ್ದ ಹಳೆಯ ಔಷಧವು ಹೊಸ ಜೊತೆಗಾರನೊಂದಿಗೆ ಉಪಯುಕ್ತವಾದುದು ವಿಶೇಷ. ಆದರೆ ಈ ಮಾರ್ಪಾಡು ಇರುವ ರೋಗಿಗಳು ನೂರಕ್ಕೆ ಮೂರು-ನಾಲ್ಕು ಮಂದಿ ಮಾತ್ರ.

ಈ ಪರೀಕ್ಷೆಗಾಗಿ ಸಾಮಾನ್ಯವಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಮೊದಲು ತೆಗೆದ ಗಂತಿಯ ಚೂರನ್ನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನೊಳಗೆ ಸಂರಕ್ಷಿಸಿರುತ್ತಾರೆ. ಅದರಿಂದ ಕೊಯ್ದ ತೆಳುವಾದ ಹೋಳುಗಳೇ ಸಾಕು. ಚಿಕಿತ್ಸೆಗಾಗಿ ಬೇರೆ ಊರಿಗೆ ಹೋಗುವವರು ವರದಿಗಳೊಂದಿಗೆ ಈ ಅಚ್ಚನ್ನೂ ಕೇಳಿ ಪಡೆದೊಯ್ಯುವುದು ಒಳ್ಳೆಯದು.